ಕೇಳಬೇಡಿ, ಕೇಳಿಸಿಕೊಳ್ಳಿ

ಜನವರಿ ೧೪

ಪೀಪಿ,

ತಲೆ ನರೆಯುವ ವಯಸ್ಸಿನಲ್ಲೂ ಪೀಪಿ ಅನ್ನುತ್ತಾಳಲ್ಲ ಅಂತ ಮುಖ ಊದಿಸಬೇಡ. ಅಡಿಗೆಮನೆಯಲ್ಲಿ ಸಿಕ್ಕಿದ ಕೊಳವೆಯನ್ನೆಲ್ಲ ಬಾಯಿಗಿಟ್ಟು ಊದುತ್ತಿದ್ದವನಿಗೆ ಬೇರೆ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ.

ನೀನು ಕೆಲಸ ಮಾಡುವ ವಾದ್ಯದ ಅಂಗಡಿಗೆ ಎಷ್ಟು ಸಲ ಫೋನು ಮಾಡಿದೆ ಗೊತ್ತಾ? ಪ್ರತಿ ಸಲವೂ ಮಾಲೀಕರೇ ಎತ್ತಿ, ಅವರು ಒಳಗೆ ಕೆಲಸದಲ್ಲಿದ್ದಾರೆ, ಕಾಗದ ಬರೆಯಬೇಕಂತೆ ಅಂದರು. ಅಕ್ಕ ಫೋನಿನಲ್ಲಿ ಸಿಕ್ಕರೆ ಎಲ್ಲಿ ಚರ್ಚಿನ ಮಾತು ತೆಗೆಯುತ್ತಾಳೋ ಅನ್ನುವ ಭಯ ನಿನಗೆ. ನನಗೆ ಅರ್ಥವಾಗುವುದಿಲ್ಲವೇ? ಆಯಿತು ಮಹರಾಯ, ಬರೆಯುತ್ತೇನೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ, ಅದೇ ನನಗೆ ಲಾಭ.

ಇಲ್ಲಿ ಹೊಸ ಫಾದರ್ ಬಂದಿದ್ದಾರೆ. ವಯಸ್ಸು ಚಿಕ್ಕದು, ನಡಿಗೆ ಜೋರು. ಮೊದಲನೇ ಭಾನುವಾರದ ಪ್ರಬೋಧನೆಯಲ್ಲೇ ನಮ್ಮೆಲ್ಲರ ಕಿವಿ ಹಿಂಡಿದರು. ಸುವಾರ್ತೆ ಸಾರುವುದು ಪಾದ್ರಿಗಳ, ಸಿಸ್ಟರುಗಳ ಗುತ್ತಿಗೆಯಲ್ಲ. ಹೊಟ್ಟೆ ತುಂಬ ಉಂಡು ಒಳಗಿನಿಂದ ಚಿಲಕ ಹಾಕಿಕೊಂಡ ಮನೆಯವರ ಹಾಗೆ ಇದ್ದೀರಿ ನೀವು ಎಂದರು. ಪೂಜೆ ಮುಗಿದ ಮೇಲೆ ಸುವಾರ್ತಾ ತಂಡಕ್ಕೆ ಸೇರುವವರು ಕೈಯೆತ್ತಿ ಅಂದಾಗ ನನ್ನ ಕೈ ತಾನಾಗಿ ಮೇಲೆದ್ದಿತ್ತು. ಯಾಕೆ ಅಂತ ನನ್ನನ್ನು ಕೇಳಬೇಡ.

ಇಬ್ಬಿಬ್ಬರ ಜೋಡಿ. ನನ್ನ ಪಾಲಿಗೆ ಬಂದದ್ದು ನಿವೃತ್ತ ಡ್ರಿಲ್ ಮೇಷ್ಟ್ರು. ಬಾಗಿಲು ಬಡಿದರೆ ಒಳಗಿನವರು ಪೊಲೀಸರು ಬಂದರು ಅಂದುಕೊಳ್ಳಬೇಕು, ಹಾಗೆ ಬಡಿಯುತ್ತಾರೆ. ಮೊದಲನೇ ಮನೆಯಲ್ಲೇ "ಯಾಕ್ರೀ ಚರ್ಚಿಗೆ ಬರ್ತಿಲ್ಲ?" ಅಂತ ಶುರು ಮಾಡಿ ನಮ್ಮ ಮೂಗಿನ ಮೇಲೇ ಬಾಗಿಲು ಹಾಕಿಸಿಕೊಂಡರು. ಆಮೇಲೆ ಧರ್ಮಾಧ್ಯಕ್ಷರ ಕಚೇರಿಯಿಂದ ಒಬ್ಬ ಸಿಸ್ಟರ್ ತರಬೇತಿ ಕೊಡಲು ಬಂದರು. ಅವರು ಹೇಳಿಕೊಟ್ಟದ್ದು ಒಂದೇ ಮಾತು: ಕೇಳಬೇಡಿ, ಕೇಳಿಸಿಕೊಳ್ಳಿ. ದೂರವಾದವರನ್ನು ಪ್ರಶ್ನೆ ಕೇಳಿದರೆ ಇನ್ನೂ ದೂರ ಹೋಗುತ್ತಾರೆ, ಅವರು ಹೇಳುವುದನ್ನು ಕೇಳಿಸಿಕೊಂಡರೆ ಹತ್ತಿರ ಬರುತ್ತಾರೆ. ಎಷ್ಟು ಸರಿಯಾದ ಮಾತು ಅನ್ನಿಸಿತು. ಪರದೆ ಹೊಲಿದು ಮಿಕ್ಕಿದ್ದ ನೀಲಿ ಬಟ್ಟೆಯ ಮೇಲೆ ಬಿಳಿ ಅಕ್ಷರ ಕತ್ತರಿಸಿ ಹೊಲಿದುಕೊಟ್ಟೆ. ಈಗ ಚರ್ಚಿನ ಬಾಗಿಲ ಮೇಲೆ ಅದೇ ತೂಗುತ್ತಿದೆ.

ನಿನ್ನ ಆರೋಗ್ಯ ಹೇಗಿದೆ, ಅದನ್ನಾದರೂ ಬರಿ.

ನಿನ್ನ ಅಕ್ಕ


ಫೆಬ್ರವರಿ ೨

ಅಕ್ಕ,

ಫೋನು ಎತ್ತದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ಗಲಾಟೆ. ಒಬ್ಬ ಪಿಯಾನೊ ಶ್ರುತಿ ಮಾಡುತ್ತಿರುತ್ತಾನೆ, ಇನ್ನೊಬ್ಬ ಮರಕ್ಕೆ ಮರಳುಕಾಗದ ಉಜ್ಜುತ್ತಿರುತ್ತಾನೆ, ಅದರ ನಡುವೆ ಏನು ಮಾತು? ಕಾಗದವೇ ವಾಸಿ. ನಿನ್ನ ಕೈಬರಹ ಹೊಲಿಗೆಯ ಹಾಗೇ ಇದೆ, ಒಂದೂ ಬಿಟ್ಟುಹೋಗಿಲ್ಲ.

ನೀನು ಮನೆಮನೆ ತಿರುಗುತ್ತೀಯ ಅಂತ ಓದಿ ನಗು ಬಂತು. ಪಕ್ಕದ ಮನೆಗೆ ಸಕ್ಕರೆ ಕೇಳಲು ಕಳಿಸಿದರೆ ಅಮ್ಮನ ಸೆರಗು ಹಿಡಿದು ಅಳುತ್ತಿದ್ದವಳು ನೀನು. ಮೇಷ್ಟ್ರ ಜೊತೆ ಹೊಂದಿಕೊಂಡಿದ್ದೀಯ ಅಂದರೆ ಇನ್ನು ನೀನು ಯಾರ ಜೊತೆಗಾದರೂ ಹೊಂದಿಕೊಳ್ಳಬಲ್ಲೆ.

ಹಳೇ ಆರ್ಗನ್ ಇನ್ನೂ ಇದೆಯೇ? ಯಾರು ನುಡಿಸುತ್ತಾರೆ? ನಡುವಿನ ಒಂದು ಸ್ವರ ಶೀತವಾದವರ ಹಾಗೆ ಕೀರಲು ದನಿ ತೆಗೆಯುತ್ತಿತ್ತು. ಅದರ ಹಿತ್ತಾಳೆ ರೀಡು ಬದಲಿಸಬೇಕು ಅಂತ ಹೇಳುತ್ತಲೇ ಇದ್ದೆ, ಅಷ್ಟರಲ್ಲಿ ನನ್ನನ್ನೇ ಬದಲಿಸಿದರು. ಬಿಡು. ನೀನು ಈಗಲೂ ಹಾಡುವ ಸಾಲಿನಲ್ಲಿ ನಿಲ್ಲುತ್ತೀಯ? ಕೆಳದನಿಯಲ್ಲೇ ಹಾಡುತ್ತೀಯ?

ನನ್ನ ಆರೋಗ್ಯಕ್ಕೇನು, ಗುಂಡುಕಲ್ಲಿನ ಹಾಗಿದ್ದೇನೆ. ಈಚೆಗೆ ರೀಡಿನ ನಡುಕವನ್ನು ಕಿವಿಗಿಂತ ಬೆರಳಿನಲ್ಲೇ ಹೆಚ್ಚು ಹಿಡಿಯುತ್ತೇನೆ. ಕಸುಬು ಹಳತಾದರೆ ಹೀಗೇ ಇರಬೇಕು.

ಅಂದಹಾಗೆ ನಿಮ್ಮ ತಂಡ ನಿಮ್ಮ ಚರ್ಚಿನ ಸುತ್ತಲಿನ ಬೀದಿಗಳಿಗೆ ಮಾತ್ರವೋ, ಬಸ್ಸು ಹತ್ತಿ ದೂರದ ಊರಿನ ಬಾಗಿಲಿಗೂ ಬರುತ್ತದೆಯೋ?

ಪೀಪಿ


ಫೆಬ್ರವರಿ ೨೦

ಪೀಪಿ,

ಹಾಸ್ಯ ಸಾಕು. ನಾವು ಬಸ್ಸು ಹತ್ತುವುದಿಲ್ಲ, ನಿನ್ನ ಬಾಗಿಲಿಗೆ ಬಂದು ತಲೆ ತಿನ್ನುವುದಿಲ್ಲ. ನಿನ್ನ ಕೊನೆಯ ಸಾಲು ಓದಿ ಸ್ವಲ್ಪ ಚುಚ್ಚಿದ ಹಾಗಾಯಿತು ನಿಜ. ಆದರೆ ನೀನು ಹಾಗೆ ಚುಚ್ಚಲು ಕಾರಣವಿದೆ ಅಂತ ಸುಮ್ಮನಾದೆ. ಎಷ್ಟೋ ವರ್ಷದ ಹಿಂದೆ, ನಿನ್ನ ಮದುವೆ ಮುರಿದಾಗ, ಚರ್ಚಿನ ಪಾಲನಾ ಮಂಡಳಿಯವರು ನಿನಗೆ ಒಂದು ಮಾತೂ ಹೇಳದೆ ಆರ್ಗನ್ ಮುಂದೆ ಬೇರೆಯವರನ್ನು ಕೂರಿಸಿದರು. ಹಾಡಿನ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದ ನೀನು ಬಾಗಿಲಿಂದಲೇ ಹಿಂದಿರುಗಿದೆ. ನಾನು ಹೋಗಿ ಅವರ ಜೊತೆ ಜಗಳವಾಡಿದೆ, ಅದರಿಂದ ಏನೂ ಆಗಲಿಲ್ಲ. ಅಂಥ ಗಾಯದ ಮೇಲೆ ನಾನು ಕೈಯಿಡುವವಳಲ್ಲ. ಹೆದರಬೇಡ, ನಿನ್ನನ್ನು ಮಾತ್ರ ನಾನು ಏನೂ ಕೇಳುವುದಿಲ್ಲ.

ಆರ್ಗನ್ ಇದೆ. ಬ್ಯಾಂಕಿನ ಕ್ಯಾಷಿಯರಮ್ಮ ನುಡಿಸುತ್ತಾಳೆ. ಒಳ್ಳೆಯವಳು, ಆದರೆ ಹಿಂದೆ ಸರದಿಯಲ್ಲಿ ಜನ ಕಾಯುತ್ತಿದ್ದಾರೆ ಅನ್ನುವ ಹಾಗೆ ನುಡಿಸುತ್ತಾಳೆ. ಶೀತ ಹಿಡಿದ ಸ್ವರ ಹಾಗೇ ಇದೆ, ಅದು ಬಂದಾಗೆಲ್ಲ ನಿನ್ನ ನೆನಪಾಗುತ್ತದೆ. ನಾನು ಭಾನುವಾರ ಎಂಟರ ಪೂಜೆಯಲ್ಲಿ ಎಡಗಡೆಯ ಕೊನೆಯಲ್ಲಿ ನಿಂತು ಕೆಳದನಿ ಹಾಡುತ್ತೇನೆ. ಬೇರೆಲ್ಲಿ ಹೋಗಲಿ?

ಹೋದ ವಾರ ಒಬ್ಬ ಲಾರಿ ಚಾಲಕರ ಮನೆಗೆ ಹೋಗಿದ್ದೆವು. ಮಗು ತೀರಿಕೊಂಡ ಮೇಲೆ ಅವರು ಚರ್ಚಿನ ಕಡೆ ತಲೆ ಹಾಕಿರಲಿಲ್ಲ. ಮೇಷ್ಟ್ರು ಎಂದಿನಂತೆ ಬಾಯಿ ತೆರೆದರು, ನಾನು ಅವರ ಕಾಲು ತುಳಿದೆ. ಚಹಾ ಆರುವವರೆಗೂ ಯಾರೂ ಮಾತಾಡಲಿಲ್ಲ. ಆಮೇಲೆ ಆತನೇ ಶುರು ಮಾಡಿದರು, ಮಗುವಿನ ಬೂಟು ಇನ್ನೂ ಲಾರಿಯ ಸೀಟಿನ ಕೆಳಗೇ ಇದೆ ಅಂದರು. ಭಾನುವಾರ ನೋಡಿದರೆ ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಫಾದರ್ ಅಚ್ಚು ಹಾಕಿಸಿದ ಕಾರ್ಡು ಒಂದನ್ನು ಇದರೊಳಗೆ ಇಟ್ಟಿದ್ದೇನೆ. ಚೆನ್ನಾಗಿ ಬಂದಿದೆ, ನೋಡಲಿ ಅಂತ ಅಷ್ಟೇ. ಬೇರೆ ಅರ್ಥ ಕಟ್ಟಬೇಡ.

ಅಕ್ಕ


ಏಪ್ರಿಲ್ ೯

ಅಕ್ಕ,

ತಡವಾಯಿತು, ಕ್ಷಮಿಸು. ಕೆಲಸದಲ್ಲಿ ಸ್ವಲ್ಪ ಬದಲಾವಣೆ. ಮಾಲೀಕರು ಶ್ರುತಿ ಮಾಡುವ ಕೆಲಸವನ್ನು ಇನ್ನೊಬ್ಬನಿಗೆ ಕೊಟ್ಟು ನನಗೆ ತಿದಿಯ ಚರ್ಮ ಅಂಟಿಸುವುದು, ಮರದ ಪೆಟ್ಟಿಗೆ ರಿಪೇರಿ, ಇಂಥದ್ದು ಕೊಟ್ಟಿದ್ದಾರೆ. ನನಗೂ ಅದೇ ಸರಿ. ಬೆನ್ನು ನೋವು.

ಕಾರ್ಡು ಸಿಕ್ಕಿತು. "ಬನ್ನಿ, ನಿಮ್ಮ ಜಾಗ ಹಾಗೇ ಇದೆ." ಅಚ್ಚು ಚೆನ್ನಾಗಿದೆ. ನೀನು ಹೇಳಿದ ಹಾಗೆ ಬೇರೆ ಅರ್ಥ ಕಟ್ಟಲಿಲ್ಲ. ನಮ್ಮ ಮನೆಯಲ್ಲಿ ನನಗೆ ಯಾರಾದರೂ ಬನ್ನಿ ಅಂದದ್ದು ಇದೇ ಮೊದಲು, ಅಷ್ಟೇ. ಮೇಜಿನ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದೇನೆ.

ಮೇ ತಿಂಗಳಲ್ಲಿ ಕೆಲಸದ ಮೇಲೆ ಒಂದು ಭಾನುವಾರ ಆ ಕಡೆ ಬರಬೇಕಾಗಬಹುದು. ಖಚಿತವಿಲ್ಲ. ಬಂದರೂ ಬಂದೆ, ಬರದಿದ್ದರೂ ಇಲ್ಲ. ನೀನು ಎಂಟರ ಪೂಜೆಗೆ ಎಡಗಡೆಯ ಕೊನೆಯಲ್ಲಿ ಅಂದೆಯಲ್ಲ?

ಪೀಪಿ


ಏಪ್ರಿಲ್ ೨೦

ಪೀಪಿ,

ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊ. ಬಗ್ಗಿ ಕೂತು ಕೂತು ಹಾಗಾಗಿರುತ್ತದೆ, ನನಗೂ ಹೊಲಿಗೆ ಮಿಷನ್ ಮುಂದೆ ಅದೇ ಪಾಡು.

ಈ ಕಡೆ ಬಂದರೆ ಮನೆಯ ಬೀಗದ ಕೈ ಪಕ್ಕದ ಗುಂಡಿ-ದಾರದ ಅಂಗಡಿಯಲ್ಲಿ ಇರುತ್ತದೆ. ನಾನು ಎಲ್ಲಿ ಅಲೆಯುತ್ತಿರುತ್ತೇನೋ ನನಗೇ ಗೊತ್ತಿರುವುದಿಲ್ಲ. ಬರಲೇಬೇಕು ಅಂತ ಒತ್ತಾಯವಿಲ್ಲ. ನಿನ್ನ ಇಷ್ಟ, ನಿನ್ನ ಅನುಕೂಲ. ಈ ಮಾತು ಬರೆಯಲು ಎಷ್ಟು ಕಷ್ಟಪಟ್ಟೆ ಅಂತ ಸಿಸ್ಟರಿಗೆ ಹೇಳಿದರೆ ಬೆನ್ನು ತಟ್ಟುತ್ತಾರೇನೋ. ಹೌದು, ಎಡಗಡೆಯ ಕೊನೆ.

ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಹೋಟೆಲಿನವರ ಪರದೆ ಗುಡ್ಡದಷ್ಟು ಬಿದ್ದಿವೆ.

ಅಕ್ಕ


ಜೂನ್ ೧೭

ಪೀಪಿ,

ಮೇ ಕಳೆಯಿತು, ಜೂನ್ ಅರ್ಧವಾಯಿತು, ನಿನ್ನಿಂದ ಒಂದು ಗೆರೆಯೂ ಇಲ್ಲ. ಕೆಲಸದ ಮೇಲೆ ಬರುವುದು ತಪ್ಪಿತೇನೋ. ಆಗಲಿ. ನಾನು ಕಾಯುತ್ತಿದ್ದೆ ಅಂತೇನೂ ಇಲ್ಲ. ಸುಳ್ಳು, ಕಾಯುತ್ತಿದ್ದೆ. ಆದರೆ ಕೇಳುವುದಿಲ್ಲ ಅಂದಮೇಲೆ ಮುಗಿಯಿತು.

ಇಲ್ಲಿಯ ಸುದ್ದಿ ಹೇಳುತ್ತೇನೆ. ನಮ್ಮ ತಂಡದ ಹೊತ್ತು ಬದಲಾಗಿದೆ. ಫಾದರಿಗೆ ಒಂದು ದಿನ ಹೊಳೆಯಿತಂತೆ: ಪೂಜೆಗೆ ಬರದವರು ಪೂಜೆಯ ಹೊತ್ತಿನಲ್ಲೇ ತಾನೆ ಮನೆಯಲ್ಲಿ ಸಿಗುವುದು? ಅದಕ್ಕೆ ಮೇ ಮೊದಲಿಂದ ಎಂಟು ಗಂಟೆಗೆ ಎಲ್ಲರೂ ಚರ್ಚಿಗೆ ಹೋಗುವಾಗ ನಾವು ಬಾಗಿಲು ಬಡಿಯಲು ಹೊರಡುತ್ತೇವೆ. ಸಂಜೆಯ ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುತ್ತೇನೆ. ಹಾಡುವ ಸಾಲಿನಲ್ಲಿ ನನ್ನ ಜಾಗಕ್ಕೆ ಔಷಧಿ ಅಂಗಡಿಯವರ ಸೊಸೆ ಬಂದಿದ್ದಾಳೆ. ಹಾಡದೆ ಇರುವುದು ಬೇಸರವೇ, ಆದರೆ ಫಲ ಕಾಣುತ್ತಿದೆ. ಬೆಂಚುಗಳು ತುಂಬುತ್ತಿವೆ.

ಒಂದು ವಿಷಯ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಮೇ ಕೊನೆಯ ಭಾನುವಾರ ಯಾರೋ ಅಪರಿಚಿತ ಮನುಷ್ಯ ಬಂದಿದ್ದನಂತೆ. ಬೋಳು ತಲೆ, ಬಿಳಿ ಗಡ್ಡ. ಪೂಜೆ ಮುಗಿಯುವವರೆಗೂ ಹಾಡುವವರ ಕಡೆಯೇ ನೋಡುತ್ತಿದ್ದನಂತೆ. ಕೊನೆಯ ಹಾಡು ನಡೆಯುತ್ತಿರುವಾಗ ಎದ್ದು ಬಂದು ಆರ್ಗನ್ನಿನ ಮರದ ಪಕ್ಕೆಗೆ ಅಂಗೈ ಒತ್ತಿ ನಿಂತನಂತೆ. ಕ್ಯಾಷಿಯರಮ್ಮ ಗಾಬರಿಯಾಗಿ ಒಂದು ಸಾಲನ್ನೇ ನುಂಗಿದಳಂತೆ. ಬಾಗಿಲಲ್ಲಿ ಸ್ವಾಗತಕ್ಕೆ ನಿಂತಿದ್ದ ಹೆಂಗಸರು "ಮೊದಲನೇ ಸಲ ಬಂದಿದ್ದಾ?" ಅಂತ ಕೇಳಿ ಕಾರ್ಡು ಕೊಟ್ಟರೆ, ಉತ್ತರ ಕೊಡದೆ ಸುಮ್ಮನೆ ತಲೆಯಾಡಿಸಿ ಹೊರಟುಹೋದನಂತೆ. ಎಂಥಾ ಜಂಬ ಅಂದರು ಅವರು. ನನಗೆ ಹಾಗನ್ನಿಸಲಿಲ್ಲ. ಅವನನ್ನು ಕೇಳಲೇಬಾರದಿತ್ತು, ನಮ್ಮ ಬಾಗಿಲ ಮೇಲೆ ಬಟ್ಟೆಯಲ್ಲಿ ಹೊಲಿದು ಹಾಕಿದ್ದೇ ಅದಲ್ಲವೇ ಅಂತ ಅವರಿಗೆ ಬೈದೆ. ಎಷ್ಟು ದೂರದಿಂದ, ಏನು ಹೊತ್ತುಕೊಂಡು ಬಂದಿದ್ದನೋ ಪಾಪ. ಅವನ ಬಾಗಿಲು ಯಾವುದು ಅಂತ ಮೇಷ್ಟ್ರೂ ನಾನೂ ಬೀದಿಬೀದಿ ವಿಚಾರಿಸುತ್ತಿದ್ದೇವೆ. ಯಾರಿಗೂ ಗೊತ್ತಿಲ್ಲ.

ಅಕ್ಕ


ಜುಲೈ ೮

ಅಕ್ಕ,

ಆ ಮನುಷ್ಯನ ಬಾಗಿಲು ಹುಡುಕಬೇಡಿ. ಅವನ ಬಾಗಿಲಿಗೆ ನೀನು ಕಾಗದ ಹಾಕುತ್ತಲೇ ಇದ್ದೀಯ.

ನಾವು ಮುಖ ನೋಡಿ ಎಷ್ಟೋ ವರ್ಷವಾಯಿತು, ಬೋಳು ತಲೆ, ಬಿಳಿ ಗಡ್ಡ ಅಂದರೆ ನಿನಗೆ ಹೇಗೆ ಹೊಳೆಯಬೇಕು? ಇದನ್ನು ಬರೆಯಬಾರದು ಅಂತ ಇದ್ದೆ. ನಿನ್ನ ಕಾಗದ ಓದಿದ ಮೇಲೆ ಬರೆಯದಿದ್ದರೆ ನೀನು ಮೇಷ್ಟ್ರನ್ನು ಕಟ್ಟಿಕೊಂಡು ಊರೆಲ್ಲ ತಿರುಗುತ್ತೀಯ ಅನ್ನಿಸಿತು.

ನನ್ನ ಕಿವಿ ಹೋಗುತ್ತಿದೆ. ಎಡಗಿವಿ ಯಾವಾಗಲೋ ಹೋಯಿತು, ಬಲಗಿವಿ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿತ್ತು. ಫೋನಿನಲ್ಲಿ ಯಾರ ಮಾತೂ ತಿಳಿಯುತ್ತಿರಲಿಲ್ಲ, ಅದಕ್ಕೇ ಕಾಗದ ಬರಿ ಅಂದದ್ದು. ನಿನ್ನ ಧ್ವನಿ ಬೇಡವಾಗಿತ್ತು ಅಂತ ನೀನು ತಿಳಿದುಕೊಂಡದ್ದು ಓದಿದಾಗಲೇ ನಿಜ ಹೇಳಬೇಕಿತ್ತು. ಶ್ರುತಿ ಮಾಡುವವನ ಕಿವಿ ಹೋಯಿತು ಅಂದರೆ ನಗೆಪಾಟಲು, ಅಕ್ಕನಿಗಾದರೂ ಹೇಗೆ ಹೇಳುವುದು ಅಂತ ಬೆನ್ನು ನೋವಿನ ಕತೆ ಕಟ್ಟಿದೆ. ಮಾಲೀಕರಿಗೆ ಮಾತ್ರ ಗೊತ್ತಿತ್ತು, ದೊಡ್ಡ ಮನುಷ್ಯ, ಕೆಲಸದಿಂದ ತೆಗೆಯಲಿಲ್ಲ.

ಈ ವರ್ಷದೊಳಗೆ ಪೂರ್ತಿ ಹೋಗುತ್ತದೆ ಅಂತ ಡಾಕ್ಟರು ಚಳಿಗಾಲದಲ್ಲೇ ಹೇಳಿದ್ದರು. ಅವತ್ತು ಮನೆಗೆ ಬಂದು ಕೂತು, ಇನ್ನು ಏನನ್ನು ಕೇಳಬೇಕು ಅಂತ ಯೋಚಿಸಿದೆ. ಹೆಚ್ಚೇನೂ ಹೊಳೆಯಲಿಲ್ಲ. ನಮ್ಮ ಚರ್ಚಿನಲ್ಲಿ, ಆ ಶೀತ ಹಿಡಿದ ಆರ್ಗನ್ನಿನ ಜೊತೆ, ನೀನು ಕೆಳದನಿ ಹಾಡುವುದನ್ನು ಒಂದು ಸಲ ಕೇಳಬೇಕು ಅನ್ನಿಸಿತು. ಅಷ್ಟರಲ್ಲೇ ನಿನ್ನ ಸುವಾರ್ತಾ ತಂಡದ ಕಾಗದ ಬಂತು. ಇನ್ನು ಇವಳು ನನ್ನನ್ನೂ ಕರೆಯುತ್ತಾಳೆ, ಸ್ವಲ್ಪ ಬಿಗುಮಾನ ತೋರಿಸಿ ಆಮೇಲೆ ಒಪ್ಪಿಕೊಂಡರಾಯಿತು ಅಂತ ಒಳಗೊಳಗೇ ಖುಷಿಪಟ್ಟೆ. ಬಸ್ಸಿನ ಮಾತು ಎತ್ತಿದ್ದು ಚುಚ್ಚಲು ಅಲ್ಲ ಅಕ್ಕ. ಕರಿ ಅಂತ.

ಕಾರ್ಡು ಬಂತು, ನಿನ್ನ ಕರೆ ಬರಲಿಲ್ಲ. ಹೋಗಲಿ, ಕರೆಯದಿದ್ದರೇನು, ನನ್ನದೇ ಚರ್ಚು, ನನ್ನದೇ ಅಕ್ಕ ಅಂತ ನಾನೇ ಹೊರಟೆ. ಯಾವ ಭಾನುವಾರ ಅಂತ ತಿಳಿಸಲಿಲ್ಲ, ಅದು ನನ್ನ ತಪ್ಪು. ನೀನು ಹಾಡುತ್ತಾ ತಲೆಯೆತ್ತಿ ನನ್ನನ್ನು ನೋಡಬೇಕು ಅನ್ನುವ ಆಸೆ. ಎಡಗಡೆಯ ಕೊನೆಯಲ್ಲಿ ಬೇರೆ ಯಾರೋ ನಿಂತಿದ್ದರು. ತಡವಾಗಿ ಬರುತ್ತೀಯೇನೋ ಅಂತ ಕೊನೆಯ ಹಾಡಿನವರೆಗೂ ಕಾದೆ. ಕಿವಿಗೆ ಒಂದು ಗುಂಯ್ ಅನ್ನುವ ಸದ್ದು ಬಿಟ್ಟರೆ ಏನೂ ಬೀಳುತ್ತಿರಲಿಲ್ಲ. ಆರ್ಗನ್ನಿಗೆ ಕೈಯಿಟ್ಟೆ. ಕೆಳಗಿನ ಸ್ವರಗಳು ಮರದೊಳಗಿಂದ ಅಂಗೈಗೆ ಬಂದವು. ಪಾಪ ಆಕೆ ಹೆದರಿಕೊಂಡಳು, ನನ್ನ ಪರವಾಗಿ ಕ್ಷಮೆ ಕೇಳು. ಬಾಗಿಲಲ್ಲಿ ಆ ಹೆಂಗಸರು ನಗುತ್ತಾ ಏನೋ ಅಂದರು. ಚೆನ್ನಾಗಿದ್ದೀರಾ ಅಂದರೇನೋ ಅಂತ ತಲೆಯಾಡಿಸಿದೆ. ಮೊದಲನೇ ಸಲವೇ ಅಂತ ಕೇಳಿದ್ದು ಅನ್ನುವುದು ನಿನ್ನ ಕಾಗದದಿಂದ ಗೊತ್ತಾಯಿತು. ನಾನು ಹೌದು ಅಂದಿದ್ದೇನೆ ನೋಡು.

ನಿನ್ನ ಮನೆಗೂ ಬಂದೆ. ಬೀಗ. ಪಕ್ಕದ ಅಂಗಡಿಗೆ ಹೋಗಿ ಬೀಗದ ಕೈ ಕೇಳಿದರೆ ಆತ ಏನಾದರೂ ಕೇಳುತ್ತಾನೆ, ನನಗೆ ತಿಳಿಯುವುದಿಲ್ಲ, ಅದಕ್ಕೆ ಮೆಟ್ಟಿಲ ಮೇಲೆ ಕೂತೆ. ಬಸ್ಸಿಗೆ ಹೊತ್ತಾಗುವವರೆಗೂ ಕೂತಿದ್ದೆ.

ಕೋಪವಿಲ್ಲ. ಆಣೆ ಮಾಡಿ ಹೇಳುತ್ತೇನೆ, ಇಲ್ಲ. ಆ ಹೊತ್ತಿನಲ್ಲಿ ನೀನು ಯಾರದೋ ಮನೆಯಲ್ಲಿ ಕೂತು ಅವರ ಕಷ್ಟ ಕೇಳಿಸಿಕೊಳ್ಳುತ್ತಿದ್ದೆ. ಒಳ್ಳೆಯ ಕೆಲಸವೇ. ಆದರೆ ನೀನು ಒಂದು ಸಲ ಬಾರೋ ಅಂದಿದ್ದರೆ ಜನವರಿಯಲ್ಲೇ ಬಂದಿರುತ್ತಿದ್ದೆ ಅಕ್ಕ. ಜನವರಿಯಲ್ಲಿ ಬಲಗಿವಿಗೆ ಫೋನಿನ ಮಾತು ತಿಳಿಯದಿದ್ದರೂ ಹಾಡು ಇನ್ನೂ ಕೇಳುತ್ತಿತ್ತು.

ಪೀಪಿ


ಜುಲೈ ೧೫

ಪೀಪಿ,

ನಿನ್ನ ಕಾಗದ ಬಂದ ದಿನ ಮಿಷನ್ ಮುಂದೆ ಕೂತವಳು ಒಂದೇ ಪರದೆಯನ್ನು ಮೂರು ಸಲ ಬಿಚ್ಚಿ ಹೊಲಿದೆ. ಆಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ನೀನು ಕೂತದ್ದು ಎಲ್ಲಿ, ಮೇಲಿನ ಮೆಟ್ಟಿಲೋ ಕೆಳಗಿನದೋ? ಅಂಗಡಿಯವನನ್ನು ಕೇಳಿದೆ. ಅವನಿಗೆ ನೆನಪಿದೆ, "ಯಾರೋ ಗಿರಾಕಿ ಇರ್ಬೇಕು ಅಂದ್ಕೊಂಡೆ" ಅಂದ. ನನ್ನ ತಮ್ಮ ನನ್ನ ಬಾಗಿಲಲ್ಲಿ ಗಿರಾಕಿಯ ಹಾಗೆ ಕಾದು ಹೋದ.

ನನಗೆ ಅಳು ನಿಲ್ಲುತ್ತಿಲ್ಲ, ಅದನ್ನು ಮುಚ್ಚಿಟ್ಟು ಬರೆಯಲು ಈಗ ಮನಸ್ಸಿಲ್ಲ. ಅವತ್ತು ಫಾದರ್ ಮುಂದೆ ನನ್ನ ಕೈ ಯಾಕೆ ಮೇಲೆದ್ದಿತು ಗೊತ್ತಾ? ದೂರವಾದವರನ್ನು ಕರೆತರುವುದು ಹೇಗೆ ಅಂತ ಕಲಿತರೆ ನಿನ್ನನ್ನು ಕರೆತರಬಹುದು ಅಂತ. ಪ್ರತಿ ಮನೆಯ ಬಾಗಿಲಲ್ಲೂ ನಿನ್ನ ಮುಖವನ್ನೇ ನೆನೆಸಿಕೊಂಡು ನಿಲ್ಲುತ್ತಿದ್ದೆ. ಲಾರಿಯವರ ಮನೆಯಲ್ಲಿ ಸುಮ್ಮನೆ ಕೂರಲು ಆದದ್ದೂ ಅದರಿಂದಲೇ. ಅವರೆಲ್ಲರ ಮೇಲೆ ಕೈ ಪಳಗಿಸಿಕೊಂಡು ಕೊನೆಗೆ ನಿನ್ನ ಹತ್ತಿರ ಬರಬೇಕು ಅಂತಿದ್ದೆ. ಕಲಿಯುತ್ತಾ ಕಲಿಯುತ್ತಾ ನಿನ್ನನ್ನೇ ಕಳೆದುಕೊಂಡೆ.

ಕೇಳಬೇಡಿ, ಕೇಳಿಸಿಕೊಳ್ಳಿ ಅಂದರು ಸಿಸ್ಟರ್. ಅವರ ತಪ್ಪೇನಿಲ್ಲ, ಅವರು ಹೇಳಿದ್ದು ಪರರ ಮನೆಯ ಮಾತು. ನಾನು ಅದನ್ನು ಸ್ವಂತ ತಮ್ಮನ ಮೇಲೆ ಹೂಡಿದೆ. ಬಸ್ಸು ಹತ್ತಿ ಬರುತ್ತೀಯಾ ಅಂತ ನೀನು ಬರೆದೆ, ನಾನು ಹಾಸ್ಯ ಅಂದೆ. ಬೆರಳಿನಲ್ಲಿ ಹಿಡಿಯುತ್ತೇನೆ ಅಂತ ಬರೆದೆ, ಓದಿ ಮುಂದೆ ಹೋದೆ. ಬನ್ನಿ ಅಂದದ್ದು ಇದೇ ಮೊದಲು ಅಂತ ಬರೆದೆ, ಅದನ್ನೂ ದಾಟಿಹೋದೆ. ನಾನು ಕೇಳಲೂ ಇಲ್ಲ, ಕೇಳಿಸಿಕೊಳ್ಳಲೂ ಇಲ್ಲ.

ಫಾದರಿಗೆ ಹೇಳಿದೆ. ಅವರು, ಮುಂದಿನ ಪ್ರಬೋಧನೆಯಲ್ಲಿ ಹೆಸರು ಹೇಳದೆ ಇದನ್ನು ಹೇಳಬಹುದೇ ಅಂದರು. ಬೇಡ ಅಂದೆ. ನನ್ನ ತಮ್ಮ ಯಾರಿಗೂ ಪಾಠವಾಗುವುದು ಬೇಡ. ಭಾನುವಾರ ಬೆಳಗಿನ ತಂಡವನ್ನೂ ಬಿಟ್ಟೆ. ಮೇಷ್ಟ್ರಿಗೆ ವಿಷಯ ಗೊತ್ತಾಗಿ, ಮೊನ್ನೆ ನನ್ನ ಬಾಗಿಲಿಗೆ ಬಂದು ಉಗುರಿನ ತುದಿಯಿಂದ ತಟ್ಟಿದರು. ಅಷ್ಟು ಮೆಲ್ಲಗೆ ತಟ್ಟಲು ಅವರಿಗೆ ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ನಾನು ಮತ್ತೆ ಹಾಡುವ ಸಾಲಿಗೆ ಸೇರಿದ್ದೇನೆ. ಎಡಗಡೆಯ ಕೊನೆಗೆ, ಆರ್ಗನ್ನಿಗೆ ಒತ್ತಿಕೊಂಡೇ ನಿಲ್ಲುತ್ತೇನೆ. ನೀನು ಮರಕ್ಕೆ ಕೈಯಿಟ್ಟು ಪಕ್ಕದಲ್ಲಿ ನಿಲ್ಲು, ಕ್ಯಾಷಿಯರಮ್ಮ ಹೆದರುವುದಿಲ್ಲ. ಈಗ ಯಾವ ಕಾರ್ಡೂ ಇಲ್ಲ, ಯಾವ ಫಾದರೂ ಇಲ್ಲ. ಪೂಜೆಗೆ ಬರಬೇಕು ಅಂತಲೂ ಇಲ್ಲ. ನಿನ್ನ ಅಕ್ಕ ಕರೆಯುತ್ತಿದ್ದೇನೆ.

ಬಾರೋ ಪೀಪಿ.


ಜುಲೈ ೨೪

ಅಕ್ಕ,

ನಿನ್ನ ಕಾಗದದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿಕೊಂಡೆ. ಕಿವಿಗೆ ಬೀಳಲಿಲ್ಲ, ಗಂಟಲಿಗೆ ಕೈಯಿಟ್ಟಾಗ ಸದ್ದು ಹೊರಟದ್ದು ಗೊತ್ತಾಯಿತು. ಈ ತಿಂಗಳು ಬಲಗಿವಿಯ ಆ ಗುಂಯ್ ಕೂಡ ನಿಂತಿದೆ. ಆಮೇಲೆ ಅದನ್ನು ನಿನ್ನ ಧ್ವನಿಯಲ್ಲಿ ಮನಸ್ಸಿನೊಳಗೇ ಓದೋಣ ಅಂತ ನೋಡಿದೆ. ನಿನ್ನ ಮುಖ ಬಂತು, ಮೂಗು ಕೆಂಪಾದದ್ದೂ ಬಂತು. ಧ್ವನಿ ಬರಲಿಲ್ಲ. ಹೇಗಿತ್ತು ಅಂತ ಎಷ್ಟು ಹುಡುಕಿದರೂ ಸಿಗುತ್ತಿಲ್ಲ.

ಬರುತ್ತೇನೆ. ಈ ಭಾನುವಾರವಲ್ಲ, ಅದರ ಮುಂದಿನದು, ಎಂಟರ ಪೂಜೆಗೆ. ರೀಡೂ ತರುತ್ತೇನೆ, ಆ ಶೀತ ಹಿಡಿದ ಸ್ವರವನ್ನು ಸರಿ ಮಾಡಿಕೊಡುತ್ತೇನೆ. ಸರಿಯಾಯಿತೋ ಇಲ್ಲವೋ ನೀನೇ ಹೇಳಬೇಕು.

ಒಂದೇ ಒಂದು ಮಾತು. ಅವತ್ತು ಹಾಡುವ ಸಾಲಿನಲ್ಲಿ ನಿಲ್ಲಬೇಡ, ಬಾಗಿಲಲ್ಲಿ ನಿಂತಿರು. ಹಾಡು ನನಗೆ ಹೇಗೂ ದಕ್ಕುವುದಿಲ್ಲ. ನನ್ನನ್ನು ಕಂಡಾಗ ಬಾ ಅನ್ನು. ತುಟಿ ಮುಚ್ಚಿ ತೆರೆಯುವ ಅಕ್ಷರ ಅದು, ಬೀದಿಯ ಆಚೆ ಬದಿಯಿಂದಲೂ ತಿಳಿಯುತ್ತದೆ.

ಪೀಪಿ